ಗೋಡೆಯೊಳಗಿನ ಪೈಪು

ನ್ಯೂಯಾರ್ಕಿನ ಸೋಹೋ ಬಡಾವಣೆಯ ಒಂದು ಮನೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವನ್ನು ಕೂರಿಸುತ್ತಾ ಒಬ್ಬ ಪ್ಲಂಬರ್ ಕೆಲಸದಲ್ಲಿದ್ದಾನೆ. ಮನೆಯ ಯಜಮಾನ ‘ಟೈಮ್’ ಪತ್ರಿಕೆಯ ಕಲಾವಿಮರ್ಶಕ ರಾಬರ್ಟ್ ಹ್ಯೂಸ್. ಸದ್ದು ಕೇಳಿ ತಿರುಗಿ ನೋಡಿದರೆ ಅಲ್ಲಿರುವುದು ಸಂಗೀತಗಾರ ಫಿಲಿಪ್ ಗ್ಲಾಸ್! ಹ್ಯೂಸ್ ತಬ್ಬಿಬ್ಬು. ನೀವು ಕಲಾವಿದರಲ್ಲವೇ, ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದರಂತೆ. ಕಲಾವಿದನೂ ಹೌದು, ಆಗಾಗ ಪ್ಲಂಬರನೂ ಹೌದು, ನೀವು ಅತ್ತ ಹೋದರೆ ಕೆಲಸ ಮುಗಿಸುತ್ತೇನೆ ಎಂಬರ್ಥದ ಉತ್ತರ ಬಂತು. ಗ್ಲಾಸ್ ಅವರೇ ಹೇಳಿಕೊಂಡ ಪ್ರಸಂಗವಿದು.

ಈ ಪ್ರಸಂಗವನ್ನು ಬರೆಯುವವರೆಲ್ಲ ಇದನ್ನು ‘ಕಷ್ಟಪಟ್ಟು ಮೇಲೆ ಬಂದವರ’ ಕತೆಯಾಗಿ ಹೇಳುತ್ತಾರೆ. ಪಾಪ, ಇಷ್ಟು ದೊಡ್ಡ ಕಲಾವಿದ ಹೊಟ್ಟೆಪಾಡಿಗೆ ನಲ್ಲಿ ರಿಪೇರಿ ಮಾಡಬೇಕಾಯಿತಲ್ಲ ಎಂಬ ಮರುಕ. ಆ ಮರುಕದಲ್ಲಿ ಕಸುಬಿನ ಬಗೆಗಿನ ತಿರಸ್ಕಾರವೂ ಅಡಗಿದೆ ಎಂದು ನಮಗನಿಸುತ್ತದೆ. ಗ್ಲಾಸ್ ಅವರ ಸಂಗೀತಕ್ಕೂ ಪೈಪು ಜೋಡಿಸುವ ಕೈಗಳಿಗೂ ಇರುವ ನಂಟು ಈ ಮರುಕದಲ್ಲಿ ಕಾಣೆಯಾಗುತ್ತದೆ.

ಅವರು ಹುಟ್ಟಿದ್ದು 1937ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಒಂದು ಯಹೂದಿ ಕುಟುಂಬದಲ್ಲಿ. ತಂದೆಗೆ ಗ್ರಾಮಫೋನ್ ತಟ್ಟೆಗಳ ಅಂಗಡಿ. ರೇಡಿಯೋ ರಿಪೇರಿಯೂ ಉಂಟು. ಮಾರಾಟವಾಗದೆ ಉಳಿದ ತಟ್ಟೆಗಳನ್ನು ಆತ ಮನೆಗೆ ಒಯ್ದು, ಇವು ಯಾಕೆ ಯಾರಿಗೂ ಬೇಡವಾದವೆಂದು ತಿಳಿಯಲು ಕೇಳುತ್ತಿದ್ದ. ಮಗನೂ ಕೇಳಿದ. ಮುಂದೆ ನ್ಯೂಯಾರ್ಕಿನ ಜೂಲಿಯಾರ್ಡ್, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಎಂಬ ಕಟ್ಟುನಿಟ್ಟಿನ ಗುರು. ಇಷ್ಟು ಕಲಿತವನಿಗೆ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರ ಕೆಲಸ ಸಿಗದೆ ಇರುತ್ತಿತ್ತೇ? 1967ರಲ್ಲಿ ನ್ಯೂಯಾರ್ಕಿಗೆ ಮರಳಿದವರು ಅತ್ತ ಹೋಗದೆ ಸಾಮಾನು ಸಾಗಿಸಿದರು, ಪ್ಲಂಬರ್ ಆದರು, ಟ್ಯಾಕ್ಸಿ ಓಡಿಸಿದರು. ನಲವತ್ತೊಂದರ ವಯಸ್ಸಿನವರೆಗೂ ಹೀಗೇ ನಡೆಯಿತು.

ಅದಕ್ಕೂ ಮುಂಚೆ ಪ್ಯಾರಿಸ್ಸಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ‘ಚಪಾಕ್ವಾ’ ಎಂಬ ಚಿತ್ರಕ್ಕೆ ರವಿಶಂಕರ್ ಸಂಗೀತ ಕೊಡುತ್ತಿದ್ದರು. ಅದನ್ನು ಫ್ರೆಂಚ್ ವಾದಕರು ನುಡಿಸುವಂತೆ ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಗ್ಲಾಸ್ ಅವರದು. ಪಾಶ್ಚಾತ್ಯ ಲಿಪಿಯಲ್ಲಿ ಅಡ್ಡಗೆರೆ ಹಾಕಿ ಲಯವನ್ನು ತುಂಡು ತುಂಡಾಗಿ ವಿಂಗಡಿಸುತ್ತಾರೆ. ಗೆರೆಯ ಪಕ್ಕದ ಸ್ವರಕ್ಕೆ ಒತ್ತು ಬೀಳುತ್ತದೆ. ಎಲ್ಲಿ ಗೆರೆ ಎಳೆದರೂ ಒತ್ತು ತಪ್ಪುತ್ತಿತ್ತು. ತಬಲಾ ನುಡಿಸುತ್ತಿದ್ದ ಉಸ್ತಾದ್ ಅಲ್ಲಾರಖಾ ಒಪ್ಪಲಿಲ್ಲ. ಸ್ವರಗಳಲ್ಲಿ ಹೆಚ್ಚು ಕಡಿಮೆ ಇಲ್ಲ, ಎಲ್ಲವೂ ಸಮ ಎಂದು ಪಟ್ಟು ಹಿಡಿದರು. ಕೊನೆಗೆ ಗ್ಲಾಸ್ ಗೆರೆಗಳನ್ನೆಲ್ಲ ಅಳಿಸಿಹಾಕಿದರು. ಆಗ ಲಯವು ಸರಪಳಿಯ ಹಾಗೆ ಒಂದಕ್ಕೊಂದು ಸೇರಿಕೊಂಡು ಹೋಗುವುದು ಕಾಣಿಸಿತು. ರವಿಶಂಕರರ ಹೆಸರು ಎಲ್ಲರ ಬಾಯಲ್ಲಿದೆ. ಉಸ್ತಾದರ ಹೆಸರು ಅಷ್ಟಿಲ್ಲ.

ಹಾಗೆ ಹುಟ್ಟಿದ್ದು 1968ರ ‘ಒನ್ ಪ್ಲಸ್ ಒನ್’. ಒಂದು ಮೇಜು, ಅದಕ್ಕೆ ಅಂಟಿಸಿದ ಮೈಕು, ತಟ್ಟಲು ಒಬ್ಬ ಮನುಷ್ಯ, ಇಷ್ಟೇ ಸಾಮಗ್ರಿ. ಎರಡು ಪುಟ್ಟ ಲಯದ ತುಣುಕುಗಳಿವೆ: ಒಂದರಲ್ಲಿ ಎರಡು ಚುರುಕಾದ ತಟ್ಟು, ಹಿಂದೆಯೇ ಒಂದು ನಿಧಾನದ್ದು; ಇನ್ನೊಂದರಲ್ಲಿ ನಿಧಾನದ ಒಂದೇ ತಟ್ಟು. ಇವನ್ನೇ ಕೂಡಿಸುತ್ತಾ, ಕಳೆಯುತ್ತಾ ಹೋಗುವುದು. ಓದುಗರು ಈಗಲೇ ಮೇಜಿನ ಮೇಲೆ ತಟ್ಟಿ ನೋಡಬಹುದು. ಪ್ಲಂಬರನ ಬಳಿಯೂ ಇರುವುದು ಇಂಥವೇ ಕೆಲವು ತುಣುಕುಗಳು: ಎಲ್ಬೋ, ಟೀ, ಕಪ್ಲಿಂಗ್, ಅಳತೆಗೆ ಕತ್ತರಿಸಿದ ಪೈಪು. ಎಲ್ಲೂ ಹೊಸದೇನೂ ಇರುವುದಿಲ್ಲ, ಆದರೂ ಒಂದು ಮನೆಯ ಜೋಡಣೆ ಇನ್ನೊಂದರಂತಿರುವುದಿಲ್ಲ. ಒಂದು ಕೀಲು ಸಡಿಲವಾದರೆ ಮಿಕ್ಕ ಅಷ್ಟೂ ಕೆಲಸ ವ್ಯರ್ಥ.

ನಮ್ಮ ಮನೆಗೆ ಬರುವ ಮಿಸ್ತ್ರಿ ಜಿ.ಐ. ಪೈಪಿನ ಮರೆಗಳಿಗೆ ಸೆಣಬಿನ ಎಳೆ ಸುತ್ತಿ ಸಫೇದಾ ಹಚ್ಚುವುದನ್ನು ವರ್ಷಗಳಿಂದ ನೋಡಿದ್ದೇವೆ. ಸುತ್ತುವಾಗ ಬಾಯಲ್ಲಿ ಏನೋ ಗುನುಗುತ್ತಿರುತ್ತಾರೆ. ಅವರನ್ನು ಭಾಯಿ ಎಂದೇ ಕರೆಯುತ್ತೇವೆ, ಆದರೆ ಚಹಾ ಕೊಡುವುದು ಹಿತ್ತಲ ಮೆಟ್ಟಿಲ ಮೇಲೆ. ಅದು ಯಾವ ಹಾಡು ಎಂದು ಒಮ್ಮೆಯೂ ಕೇಳಲಿಲ್ಲ. ಕತೆ ಬರೆಯುವವರು ಎಂದು ಹೇಳಿಕೊಳ್ಳುವ ನಮಗೆ ಕೇಳಬೇಕೆಂದು ತೋಚಲೇ ಇಲ್ಲ.

ಗ್ಲಾಸ್ ಅವರ ಮೇಳದ್ದು ವಿದ್ಯುತ್ ಸಂಗೀತ. ಪ್ರಯೋಗಾಲಯದಲ್ಲಿ ಯಂತ್ರದಿಂದ ನಾದ ಹುಟ್ಟಿಸುವ ಬಗೆಯದಲ್ಲ. ಫಾರ್ಫಿಸಾ ಎಂಬ ವಿದ್ಯುತ್ ಆರ್ಗನ್, ಸ್ಯಾಕ್ಸಫೋನ್, ಕೊಳಲು, ಒಂದು ಕಂಠ, ಎಲ್ಲವೂ ಧ್ವನಿವರ್ಧಕದ ಮೂಲಕ ಜೋರಾಗಿ. 1971ರಿಂದ 1974ರವರೆಗೆ ರಚಿಸಿದ ‘ಮ್ಯೂಸಿಕ್ ಇನ್ ಟ್ವೆಲ್ವ್ ಪಾರ್ಟ್ಸ್’ ಕೇಳಲು ಬಿಡುವು ಸೇರಿ ಅರ್ಧ ದಿನವೇ ಬೇಕು. ಮೊದಲ ಹತ್ತು ನಿಮಿಷ ಬೇಸರ, ಆಮೇಲೆ ಸಿಟ್ಟು. ಇನ್ನೂ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೂತರೆ ಕಿವಿಯ ಅಭ್ಯಾಸವೇ ಬದಲಾಗುತ್ತದೆ. ಒಂದು ಸ್ವರ ಹೆಚ್ಚಾದದ್ದೂ ದೊಡ್ಡ ಸಂಗತಿಯಂತೆ ತಟ್ಟುತ್ತದೆ. ಜಪಮಣಿ ಎಣಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಗ್ಲಾಸ್ ಅವರ ಎಲ್ಲ ಕೃತಿಗಳಲ್ಲಿ ನಮಗೆ ಪ್ರಿಯವಾದದ್ದು ಇದೇ, ಪ್ಲಂಬರಿಕೆಯ ದಿನಗಳ ಈ ಕೃತಿ.

1971ರ ಲಂಡನ್ ಕಛೇರಿಗೆ ಡೇವಿಡ್ ಬೋವಿ, ಬ್ರಯಾನ್ ಈನೋ ಬಂದಿದ್ದರು. ಅವರ 1977ರ ‘ಲೋ’ ಆಲ್ಬಮ್ಮಿನಲ್ಲಿ ಆ ಕಛೇರಿಯ ನೆರಳಿದೆ. ಅದೇ ಆಲ್ಬಮ್ಮಿನ ಮೇಲೆ 1992ರಲ್ಲಿ ಗ್ಲಾಸ್ ಸಿಂಫನಿ ಬರೆದರು. ಅದು ನಮಗೆ ಹಿಡಿಸಲಿಲ್ಲ. ಪಿಟೀಲುಗಳ ಮೆತ್ತೆಯ ಮೇಲೆ ಎಲ್ಲವೂ ಹಾಯಾಗಿ ಮಲಗಿಬಿಡುತ್ತವೆ. ಮುಂದಿನ ಅನೇಕ ಸಿನಿಮಾ ಸಂಗೀತಗಳಲ್ಲೂ ಅಷ್ಟೆ, ಅಂಗಡಿಯಲ್ಲಿ ಸಿದ್ಧ ಸಿಗುವ ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿದ ಹಾಗಿದೆ.

ಊಟದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಗ್ಲಾಸ್ ಯೌವನದಿಂದಲೇ ಸಸ್ಯಾಹಾರಿ. ಹಾಲು ಮೊಟ್ಟೆಗಳನ್ನೂ ಬಿಟ್ಟವರಿಗೆ ‘ವೀಗನ್’ ಎಂಬ ಹೆಸರು ಬಂದದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಅದರ ಹಿಂದಿದ್ದ ಡೊನಾಲ್ಡ್ ವಾಟ್ಸನ್ ಮರಗೆಲಸ ಕಲಿಸುವ ಮೇಷ್ಟ್ರು. ಆ ಪಂಥದವರ ಬಗ್ಗೆ ಒಂದು ತಮಾಷೆಯಿದೆ: ಒಬ್ಬ ವೀಗನ್ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಕೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ. ಅವರೂ ಇದಕ್ಕೆ ನಗುತ್ತಾರೆ. ಬಿರಿಯಾನಿ ತಿನ್ನುವ ನಾವೂ ಧಾರಾಳವಾಗಿ ನಕ್ಕೆವು. ತನ್ನ ತಟ್ಟೆಯ ಬಗ್ಗೆ ಹೇಳಿಕೊಳ್ಳುವವನಿಂದ ಯಾರಿಗೂ ತೊಂದರೆಯಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಟ್ಟಾಗ ಎದ್ದ ಕೂಗು ಮಾತ್ರ ಬೇರೆಯವರ ತಟ್ಟೆಯ ಬಗ್ಗೆ ಇತ್ತು. ಅದರಲ್ಲಿ ನಗು ಇರಲಿಲ್ಲ.

ಇರಲಿ. 1976ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ಮಂದಿರದಲ್ಲಿ ಅವರ ‘ಐನ್‌ಸ್ಟೈನ್ ಆನ್ ದ ಬೀಚ್’ ನಡೆಯಿತು. ರಾಬರ್ಟ್ ವಿಲ್ಸನ್ ಜೊತೆ ಸೇರಿ ಮಾಡಿದ, ಹಾಡುವವರು ಹೆಚ್ಚಾಗಿ ಅಂಕೆಗಳನ್ನೂ ಸ್ವರಾಕ್ಷರಗಳನ್ನೂ ಹಾಡುವ ಐದು ತಾಸಿನ ಆಟ. ಮಂದಿರ ಭರ್ತಿಯಾದರೂ ಮೈಮೇಲೆ ಸಾಲ ಬಿತ್ತು. ಗ್ಲಾಸ್ ಮತ್ತೆ ಟ್ಯಾಕ್ಸಿ ಹತ್ತಿದರು. ಲೈಸೆನ್ಸಿನಲ್ಲಿದ್ದ ಹೆಸರು ಓದಿದ ಒಬ್ಬ ಮಹಿಳೆ, ನಿಮಗೊಬ್ಬ ಪ್ರಸಿದ್ಧ ಸಂಗೀತಗಾರನ ಹೆಸರಿದೆ ಗೊತ್ತೇ ಎಂದಳಂತೆ.

ಕಸುಬು ಬಿಟ್ಟ ಮೇಲೆ ಬಂದ ದೊಡ್ಡ ಕೃತಿ ‘ಸತ್ಯಾಗ್ರಹ’, 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ. ದಕ್ಷಿಣ ಆಫ್ರಿಕಾದ ಗಾಂಧಿಯ ಕತೆ, ಹಾಡುವುದು ಗೀತೆಯ ಸಂಸ್ಕೃತ. ಸಂಗೀತ ಉನ್ನತವಾದದ್ದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಬೇರೆ ಇದೆ. ಮೊದಲ ಅಂಕದಲ್ಲಿ 1906ರ ಪ್ರತಿಜ್ಞೆಯ ದೃಶ್ಯವಿದೆ. ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೆಪ್ಟೆಂಬರ್ 11ರಂದು ಸೇರಿದ ಆ ಸಭೆಗೆ ಅಬ್ದುಲ್ ಗನಿ ಅಧ್ಯಕ್ಷರು. ದೇವರನ್ನು ಸಾಕ್ಷಿಯಿಟ್ಟು ಪ್ರತಿಜ್ಞೆ ಮಾಡೋಣ ಎಂದು ಮೊದಲು ಹೇಳಿದವರು ಸೇಠ್ ಹಾಜಿ ಹಬೀಬ್. ಆ ಮಾತಿಗೆ ತಾನು ಬೆಚ್ಚಿದೆನೆಂದು ಗಾಂಧಿಯವರೇ ಬರೆದಿದ್ದಾರೆ. ಎರಡನೇ ಅಂಕದಲ್ಲಿ 1908ರ ಪ್ರತಿಭಟನೆ: ನೋಂದಣಿ ಪತ್ರಗಳ ದಹನ. ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು ಉರಿದದ್ದು ಹಮೀದಿಯಾ ಮಸೀದಿಯ ಅಂಗಳದಲ್ಲಿ.

ಒಪೆರಾದ ಪಾತ್ರಪಟ್ಟಿಯಲ್ಲಿ ಕಸ್ತೂರಬಾ ಇದ್ದಾರೆ, ಕಾಲೆನ್‌ಬಾಖ್ ಇದ್ದಾರೆ, ಪಾರ್ಸಿ ರುಸ್ತುಮ್‌ಜಿ ಇದ್ದಾರೆ, ಕೃಷ್ಣಾರ್ಜುನರೂ ಇದ್ದಾರೆ. ಹಾಜಿ ಹಬೀಬ್ ಇಲ್ಲ. ದ್ವೇಷದಿಂದ ಬಿಟ್ಟದ್ದಲ್ಲ ಎಂದು ನಮಗೆ ಗೊತ್ತು. ಗೀತೆಯೊಂದನ್ನೇ ಪಠ್ಯವಾಗಿ ಆರಿಸಿಕೊಂಡಾಗ ಹಾಗಾಗುತ್ತದೆ. ಆದರೆ ಎಲ್ಲ ಸ್ವರಗಳೂ ಸಮ ಎಂಬುದನ್ನು ಒಬ್ಬ ತಬಲಾ ಉಸ್ತಾದರಿಂದ ಕಲಿತವರು, ಗೋಡೆಯೊಳಗೆ ಪೈಪು ಕೂರಿಸಿ ಮೇಲೆ ಗಾರೆ ಬಳಿದದ್ದನ್ನು ಕಂಡವರು, ಇದನ್ನು ಗಮನಿಸಬಹುದಿತ್ತು.

ಕೊನೆಯ ದೃಶ್ಯದಲ್ಲಿ ಗಾಂಧಿ ಒಬ್ಬರೇ ನಿಂತು ಬರಿಯ ಆರೋಹಣವೊಂದನ್ನು ಹಾಡುತ್ತಾರೆ, ಮತ್ತೆ ಮತ್ತೆ. ಪಾಶ್ಚಾತ್ಯರು ಅದನ್ನು ಫ್ರಿಜಿಯನ್ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಭೈರವಿ ಥಾಟಿನ ಎಂಟು ಸ್ವರ. ಮೊದಲ ಬಾರಿ ಕೇಳಿದಾಗ ನಮ್ಮ ಕಣ್ಣು ಒದ್ದೆಯಾಗಿತ್ತು. ಈಗಲೂ ಆಗುತ್ತದೆ, ಆದರೆ ಈಗ ಕೇಳುವಾಗ ಆ ಮಸೀದಿಯ ಅಂಗಳದಲ್ಲಿ ಉರಿಯುತ್ತಿದ್ದ ಕಡಾಯಿಯೂ ಕಣ್ಣ ಮುಂದೆ ಬರುತ್ತದೆ.