ಅಂಚಿನ ಕೇಳುಗನಿಗೂ ಆಕಾಶವಾಣಿ ಮುಟ್ಟಬೇಕು

ಸಾರ್ವಜನಿಕ ಬಾನುಲಿ ಆಧುನಿಕವಾಗುತ್ತಿದೆ ಎನ್ನುವಾಗ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಎಣಿಸುತ್ತಾರೆ: ಹೊಸ ಎಫ್‌ಎಂ ಪ್ರೇಷಕಗಳು, ಡಿಜಿಟಲ್ ಪ್ರಸಾರ, ಮೊಬೈಲ್ ಆ್ಯಪ್. ಮೂರೂ ನಿಜವೇ. ಆದರೆ ಇದು ಪ್ರಸಾರ ಮಾಡುವವರ ಲೆಕ್ಕ. ಕೇಳುವವರ ಕಡೆಯಿಂದ ಲೆಕ್ಕ ಹಾಕಿದರೆ ಏನು ಉಳಿಯುತ್ತದೆ? ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ.

‘ಆಕಾಶವಾಣಿ’ ಎಂಬ ಹೆಸರು ನಮ್ಮ ನಾಡಿನದೇ ಕೊಡುಗೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಮುಂದೆ ಆ ಹೆಸರು ದೇಶದ ಬಾನುಲಿಗೇ ಬಂತು. 1997ರಲ್ಲಿ ಅದು ಪ್ರಸಾರ ಭಾರತಿಯ ಅಂಗವಾಯಿತು. ತಂತ್ರಜ್ಞಾನ ಬದಲಾದಂತೆ ಬದಲಾಗುವುದು ಈ ಸಂಸ್ಥೆಗೆ ಹೊಸದಲ್ಲ. ಬದಲಾವಣೆಯ ಹಾದಿಯಲ್ಲಿ ಯಾರನ್ನು ಬಿಟ್ಟುಹೋಗುತ್ತಿದ್ದೇವೆ ಎಂಬುದೇ ಪ್ರಶ್ನೆ.

ಅಲೆಯ ಉದ್ದ, ಗುಡ್ಡದ ಎತ್ತರ

ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಮಧ್ಯಮ ತರಂಗವನ್ನು ದಶಕಗಳ ಕಾಲ ಕೇಳಿದವರು ಅನೇಕರಿದ್ದಾರೆ. ಆ ಅಲೆಯ ಉದ್ದ ಸುಮಾರು 490 ಮೀಟರ್. ಇಂಥ ಉದ್ದನೆಯ ಅಲೆ ನೆಲವನ್ನು ಅನುಸರಿಸಿ ಸಾಗುತ್ತದೆ, ಗುಡ್ಡಗಳನ್ನು ಬಳಸಿಕೊಂಡು ಹೋಗುತ್ತದೆ. ಎಫ್‌ಎಂ ಅಲೆಯ ಉದ್ದ ಕೇವಲ 3 ಮೀಟರಿನಷ್ಟು. ಅದರ ಧ್ವನಿ ಸ್ವಚ್ಛ, ಆದರೆ ಅದು ಹೆಚ್ಚುಕಡಿಮೆ ನೇರಗೆರೆಯಲ್ಲಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ.

ನೀವೇ ಲೆಕ್ಕ ಹಾಕಬಹುದು. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಬರೆದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಮೀಟರ್ ಎತ್ತರದ ಗೋಪುರಕ್ಕೆ ಇದು 41 ಕಿ.ಮೀ. 2 ಮೀಟರ್ ಎತ್ತರದಲ್ಲಿಟ್ಟ ರೇಡಿಯೊದ ಪಾಲು 6 ಕಿ.ಮೀ. ಒಟ್ಟು 47. ಗೋಪುರ 50 ಮೀಟರ್ ಇದ್ದರೆ ಒಟ್ಟು 35 ಕಿ.ಮೀ. ಮಾತ್ರ. ಇದು ಸಮತಟ್ಟು ನೆಲದ ಲೆಕ್ಕ.

ಹಾಸನ ನಗರದಿಂದ ನೇರಗೆರೆಯಲ್ಲಿ ಹಳೇಬೀಡು ಸುಮಾರು 26, ಬೇಲೂರು 31, ಅರಸೀಕೆರೆ 38 ಕಿ.ಮೀ. ದೂರದಲ್ಲಿವೆ. ಅಂದರೆ ಅರಸೀಕೆರೆ ದಿಗಂತದ ಅಂಚಿಗೆ ಹತ್ತಿರ. ಬೇಲೂರಿನಾಚೆ ಮಲೆನಾಡಿನ ಏರುತಗ್ಗು ಶುರು. ನಕಾಶೆಯ ಮೇಲೆ ಕೈವಾರದಿಂದ ವೃತ್ತ ಎಳೆದು ‘ಇಷ್ಟು ಜನರಿಗೆ ಪ್ರಸಾರ ತಲುಪುತ್ತದೆ’ ಎಂದು ಹೇಳುವ ವರದಿಗಳು ಗುಡ್ಡದ ಹಿಂದಿನ ಮನೆಯನ್ನು, ಗೋಡೆಯೊಳಗಿನ ರೇಡಿಯೊವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಡಿಜಿಟಲ್ ಎಂಬ ಭರವಸೆ

ಮಧ್ಯಮ ತರಂಗಕ್ಕೆ ಹೊಸ ಜೀವ ಕೊಡಲು ಆಕಾಶವಾಣಿ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯನ್ನು ಆರಿಸಿಕೊಂಡು ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರೇಷಕಗಳನ್ನು ಸ್ಥಾಪಿಸಿತು. ತಾಂತ್ರಿಕವಾಗಿ ಇದು ಜಾಣ ಆಯ್ಕೆ. ಕಡಿಮೆ ವಿದ್ಯುತ್ತಿನಲ್ಲಿ ಒಂದೇ ಪ್ರೇಷಕದಿಂದ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮಗಳನ್ನೂ ಜೊತೆಗೆ ಅಕ್ಷರ ರೂಪದ ಮಾಹಿತಿಯನ್ನೂ ಕಳಿಸಬಹುದು. ಆದರೆ ಅದನ್ನು ಕೇಳುವ ರೇಡಿಯೊ ಎಲ್ಲಿದೆ? ಕೆಲವು ಕಾರುಗಳಲ್ಲಿದೆ. ಸಂತೆಯಲ್ಲಿ, ಪೇಟೆಯ ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವುದಿಲ್ಲ. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಆದರೆ ಅಲ್ಲಿ ಡಿಜಿಟಲ್ ರೇಡಿಯೊಗಳು ಅದಕ್ಕೂ ವರ್ಷಗಳ ಮೊದಲೇ ಮಾರುಕಟ್ಟೆಯಲ್ಲಿದ್ದವು.

ಇನ್ನೊಂದು ತೊಡಕಿದೆ. ಹಳೆಯ ಪದ್ಧತಿಯಲ್ಲಿ ಸಂಕೇತ ಕ್ಷೀಣಿಸಿದರೆ ಗೊರಗೊರ ಸದ್ದಿನ ನಡುವೆಯೂ ಮಾತು ಕೇಳುತ್ತದೆ. ಡಿಜಿಟಲ್‌ನಲ್ಲಿ ಒಂದು ಹಂತದವರೆಗೆ ಎಲ್ಲವೂ ಸ್ಪಷ್ಟ, ಅದಾದ ಮೇಲೆ ಒಮ್ಮೆಲೇ ಮೌನ. ಈ ಮೌನ ಮೊದಲು ಬೀಳುವುದು ಅಂಚಿನಲ್ಲಿರುವವರಿಗೇ.

ಆ್ಯಪ್ ಸಾಕೇ?

‘ನ್ಯೂಸ್ ಆನ್ ಏರ್’ ಆ್ಯಪ್ ದೂರದ ಊರಿನಲ್ಲಿರುವ ಕನ್ನಡಿಗನಿಗೆ ತವರಿನ ಧ್ವನಿ ಕೇಳಿಸುತ್ತದೆ. ಇದು ದೊಡ್ಡ ಸಾಧನೆಯೇ. ಆದರೆ ಆ್ಯಪ್ ಬಾನುಲಿಗೆ ಪೂರಕವೇ ಹೊರತು ಬದಲಿಯಲ್ಲ. ಸೆಕೆಂಡಿಗೆ 64 ಕಿಲೋಬಿಟ್ ಬಳಸುವ ಧ್ವನಿಪ್ರವಾಹಕ್ಕೆ ಗಂಟೆಗೆ ಸುಮಾರು 29 ಮೆಗಾಬೈಟ್ ಬೇಕು. ಕೇಳುಗರು ಹೆಚ್ಚಿದಂತೆ ಜಾಲದ ಮೇಲಿನ ಹೊರೆ ಏರುತ್ತದೆ. ಬಾನುಲಿ ಪ್ರೇಷಕಕ್ಕೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಖರ್ಚು ಒಂದೇ. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಗೋಪುರದ ಬ್ಯಾಟರಿ ಮುಗಿದ ಮೇಲೂ ಎರಡು ಸೆಲ್‌ಗಳ ರೇಡಿಯೊ ಮಾತಾಡುತ್ತದೆ.

ಫೋನಿನಲ್ಲೇ ಎಫ್‌ಎಂ ಇದ್ದರೆ? ಅನೇಕ ಫೋನುಗಳ ಒಳಗಿನ ಚಿಪ್‌ಗೆ ಆ ಸಾಮರ್ಥ್ಯವಿದೆ, ತಯಾರಕರು ಅದನ್ನು ಬಳಕೆಗೆ ಬಿಡುವುದಿಲ್ಲ. ಈ ಸೌಲಭ್ಯವನ್ನು ಸ್ಥಗಿತಗೊಳಿಸಬಾರದೆಂದು 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ತಯಾರಕರಿಗೆ ಸಲಹೆ ನೀಡಿತು. ಆದರೆ ಸಲಹೆ ಕಡ್ಡಾಯವಲ್ಲ. ಆಂಟೆನಾ ಆಗಿ ಕೆಲಸ ಮಾಡುತ್ತಿದ್ದ ಇಯರ್‌ಫೋನಿನ ವೈರು ಕೂಡ ಈಗ ಕಣ್ಮರೆಯಾಗುತ್ತಿದೆ.

ಒಂದು ಜಿಲ್ಲೆ, ಹಲವು ಕಿವಿಗಳು

ಯಂತ್ರಕ್ಕಿಂತ ಮುಖ್ಯವಾದದ್ದು ಅದರಲ್ಲಿ ಬರುವ ಮಾತು. ಅರಸೀಕೆರೆ ಒಣ ಸೀಮೆ. ಅಲ್ಲಿನ ರೈತನಿಗೆ ತೆಂಗಿನ ಕಪ್ಪುತಲೆ ಹುಳು, ಕೊಬ್ಬರಿ ಧಾರಣೆ ಮುಖ್ಯ. ಬೇಲೂರಿನ ಕಾಫಿ ಬೆಳೆಗಾರನಿಗೆ ಹೂಮಳೆ ಮತ್ತು ಬಿಳಿ ಕಾಂಡಕೊರಕ. ಆಲೂಗೆಡ್ಡೆ ಬೆಳೆದವನಿಗೆ ಅಂಗಮಾರಿಯ ಮುನ್ಸೂಚನೆ ಎರಡು ದಿನ ತಡವಾದರೆ ಬೆಳೆಯೇ ಕೈತಪ್ಪುತ್ತದೆ. ಬೇಲೂರು, ಹಳೇಬೀಡಿನ ದೇಗುಲಗಳು 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿನ ಯುವಕರು ಬೇರೆಯದೇ ಮಾಹಿತಿ ಬಯಸುತ್ತಾರೆ. 2004ರಲ್ಲಿ ಆರಂಭವಾದ ‘ಕಿಸಾನ್ ವಾಣಿ’ಯ ಆಶಯ ಇಂಥ ಸ್ಥಳೀಯತೆಯೇ ಆಗಿತ್ತು. ಸ್ಥಳೀಯ ಗಂಟೆಗಳನ್ನು ಕಡಿತಗೊಳಿಸಿ ಮರುಪ್ರಸಾರ ತುಂಬಿದರೆ ಎಷ್ಟು ಆಧುನಿಕ ಪ್ರೇಷಕವಿದ್ದರೂ ಅದು ಬರೀ ಕೊಳವೆ.

ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನೆಯಿರಿ. ಸಮುದಾಯ ಬಾನುಲಿಗೆ ಪರವಾನಗಿ ಸಿಗದ ಕಾಲದಲ್ಲಿ ಅಲ್ಲಿನ ಜನ ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯಲ್ಲೇ ಮನೆಗಳಿಗೆ ಮುಟ್ಟಿಸಿದರು. ಜನರಿಗೆ ಬೇಕಾದ ಮಾತಿದ್ದರೆ ತಂತ್ರಜ್ಞಾನ ದಾರಿ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆಗಬೇಕಾದದ್ದು ಅಸಾಧ್ಯವೇನಲ್ಲ. 2023ರ ಏಪ್ರಿಲ್‌ನಲ್ಲಿ ದೇಶದಲ್ಲಿ 100 ವಾಟ್‌ನ 91 ಎಫ್‌ಎಂ ಪ್ರೇಷಕಗಳು ಒಮ್ಮೆಗೇ ಉದ್ಘಾಟನೆಗೊಂಡವು. ಅಂಥ ಪುಟ್ಟ ಮರುಪ್ರಸಾರ ಘಟಕಗಳು ನೆರಳಿನ ಊರುಗಳಿಗೆ ಬರಲಿ. ವ್ಯಾಪ್ತಿಯನ್ನು ನಕಾಶೆಯಲ್ಲಲ್ಲ, ಊರೂರಿನ ಅಡುಗೆಮನೆಯಲ್ಲಿ ರೇಡಿಯೊ ಇಟ್ಟು ಅಳೆಯಲಿ. ಅಗ್ಗದ ಡಿಜಿಟಲ್ ರೇಡಿಯೊ ಬರುವತನಕ ಹಳೆಯ ಪ್ರಸಾರ ನಿಲ್ಲದಿರಲಿ. ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಸ್ವತ್ತಿನಲ್ಲಿ ಅರಸೀಕೆರೆಯ ಕೇಳುಗನಿಗೂ ಪಾಲಿದೆ. ನಿಮ್ಮೂರಿನಲ್ಲಿ ಧ್ವನಿ ಸರಿಯಾಗಿ ಬರದಿದ್ದರೆ ದಿನಾಂಕ, ವೇಳೆ, ಸ್ಥಳ ಬರೆದು ಕೇಂದ್ರಕ್ಕೆ ಒಂದು ಪತ್ರ ಹಾಕಿ.