ತೂಕಕ್ಕೋ, ಕಹಿಗೋ?

ಮೊನ್ನೆ ಆಫೀಸಲ್ಲಿ ಗೆಳೆಯನೊಬ್ಬ ನೆಲಬೇವಿನ ಪುಡಿಯ ಡಬ್ಬಿ ತೋರಿಸಿ, "ಪೂರ್ತಿ ಸಾವಯವ ಕಣೋ, ಅದಕ್ಕೇ ರೇಟು ಡಬಲ್" ಅಂದ. ಲೇಬಲ್ ಓದಿದೆ. ಹಸಿರು ಎಲೆಯ ಚಿತ್ರ ಇತ್ತು, 'ರಾಸಾಯನಿಕ ಮುಕ್ತ' ಅಂತಲೂ ಇತ್ತು. ಔಷಧದ ಅಂಶ ಎಷ್ಟಿದೆ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ನನ್ನ ತಕರಾರು ಇಷ್ಟೇ: ಗೊಬ್ಬರದ ಹೆಸರು ಹೇಳಿ ಗಿಡದ ಗುಣವನ್ನು ಮಾರೋದು ಸರಿಯಲ್ಲ.

ನೆಲಬೇವಿನ ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೋಲೈಡ್. ಅದರಲ್ಲಿ ಸಾರಜನಕವೇ ಇಲ್ಲ. ಯೂರಿಯಾದಲ್ಲಿ ಇರೋದು ಶೇ. 46ರಷ್ಟು ಸಾರಜನಕ. ಹಾಕಿದರೆ ಎಲೆ ದಂಡಿಯಾಗಿ ಬರುತ್ತೆ, ನಿಜ. ಆದರೆ ಎಲೆ ಹೆಚ್ಚಾದಷ್ಟೂ ಕಹಿ ಹೆಚ್ಚಬೇಕೆಂದಿಲ್ಲ. ನೆಂಟರು ಬಂದರು ಅಂತ ಸಾರಿಗೆ ನೀರು ಬೆರೆಸಿದ ಹಾಗೂ ಆಗಬಹುದು. ಹಾಗಂತ ಸಾರಜನಕವೇ ವಿಲನ್ ಅಲ್ಲ. ಸದಾಪುಷ್ಪದ ವಿನ್‌ಕ್ರಿಸ್ಟಿನ್‌ನಂಥ ಆಲ್ಕಲಾಯ್ಡ್ ತಯಾರಾಗೋಕೆ ಸಾರಜನಕ ಬೇಕೇ ಬೇಕು.

ಕೊಟ್ಟಿಗೆ ಗೊಬ್ಬರವೂ ಮಂತ್ರದ ಬೂದಿಯಲ್ಲ. ಅದರಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟು. 10 ಟನ್ ಹಾಕಿದರೆ 50 ಕೆಜಿ; ಅಂದರೆ ಯೂರಿಯಾದ 45 ಕೆಜಿ ಚೀಲದ ಲೆಕ್ಕದಲ್ಲಿ ಎರಡೂವರೆಗೂ ಕಮ್ಮಿ. ಅದೂ ನಿಧಾನಕ್ಕೆ ಸಿಗುತ್ತೆ. ಅದರ ಹೆಚ್ಚುಗಾರಿಕೆ ಇರೋದು ಬೇರೆ ಕಡೆ: ಮಣ್ಣಲ್ಲಿ ತೇವ ಹಿಡಿದಿಡುತ್ತೆ, ಸೂಕ್ಷ್ಮಜೀವಿಗಳನ್ನು ಸಾಕುತ್ತೆ, ಸತುವಿನಂಥ ಪೋಷಕಾಂಶಗಳನ್ನೂ ಕೊಡುತ್ತೆ. ಅರೆಬರೆ ಕೊಳೆತದ್ದನ್ನು ಹಾಕಿದರೆ ಕಳೆ, ಗೊಣ್ಣೆಹುಳ ಜೊತೆಗೇ ಬರುತ್ತವೆ.

ಊರಿಗೆ ಹೋಗುವಾಗ ಕಡೂರು ದಾಟಿದ ಮೇಲೆ ಬೀರೂರಲ್ಲಿ ರೈಲು ಹಳಿ ಕವಲಾಗುತ್ತೆ. ಒಂದು ತರೀಕೆರೆಯ ಅಡಿಕೆ ತೋಟಗಳ ಕಡೆಗೆ, ಇನ್ನೊಂದು ಅಮೃತಮಹಲ್ ದನಗಳ ಅಜ್ಜಂಪುರದ ಕಡೆಗೆ. ತೋಟದ ತಂಪಲ್ಲಿ ಹಬ್ಬುವ ಒಂದೆಲಗಕ್ಕೂ, ಒಣಭೂಮಿಯಲ್ಲಿ ಬೇರಿಗಾಗಿ ಬೆಳೆಯುವ ಅಶ್ವಗಂಧಕ್ಕೂ ಒಂದೇ ಗೊಬ್ಬರದ ಚೀಟಿ ಬರೆದುಕೊಟ್ಟರೆ ಹೇಗೆ? ಒಂದರಲ್ಲಿ ನಮಗೆ ಬೇಕಾದ್ದು ಎಲೆ, ಇನ್ನೊಂದರಲ್ಲಿ ಬೇರು. ಅಶ್ವಗಂಧಕ್ಕೆ ನೀರು, ಯೂರಿಯಾ ಎರಡೂ ಅತಿಯಾದರೆ ಸೊಪ್ಪು ಸೊಗಸಾಗಿರುತ್ತೆ, ಬೇರು ಬಡಕಲಾಗುತ್ತೆ.

ಅಜ್ಜಂಪುರದ ಹತ್ತಿರ ನಮ್ಮ ಚಿಕ್ಕಪ್ಪ ಒಂದು ವರ್ಷ ನೆಲಬೇವು ಹಾಕಿದ್ದರು. ಕೊಳ್ಳೋಕೆ ಬಂದವನು ತಂದದ್ದು ತಕ್ಕಡಿ ಮಾತ್ರ. "ತೂಕಕ್ಕೆ ದುಡ್ಡು ಕೊಡೋನಿಗೆ ತೂಕ ಬೆಳೀದೆ ಇನ್ನೇನ್ ಬೆಳೀಲಪ್ಪಾ?" ಅಂದರು ಚಿಕ್ಕಪ್ಪ. ಉತ್ತರ ಹೊಳೀಲಿಲ್ಲ ನನಗೆ. ಕಹಿ ಉಳಿಸೋಕೆ ಅಂತ ಎಲೆ ಕಮ್ಮಿ ಬೆಳೆದಿದ್ದರೆ ನಷ್ಟ ಅವರ ಪಾಲಿಗೇ ಬರ್ತಿತ್ತು.

ಡಬಲ್ ರೇಟು ಕೊಡೋರು ನಾವು. ಮುಂದಿನ ಸಲ ಡಬ್ಬಿ ಕೊಳ್ಳುವಾಗ ಆ ಬ್ಯಾಚಿನ ಲ್ಯಾಬ್ ವರದಿ ಕೇಳೋಣ: ಆಂಡ್ರೋಗ್ರಾಫೋಲೈಡ್ ಎಷ್ಟು, ಸೀಸ ಎಷ್ಟು, ಕೀಟನಾಶಕದ ಶೇಷ ಎಷ್ಟು ಅಂತ. ಕಂಪನಿ ಕಹಿಗೆ ಬೆಲೆ ಕಟ್ಟಿ ಕೊಂಡರೆ, ಕಹಿ ಬೆಳೆಯೋದು ಹೇಗೆ ಅಂತ ಚಿಕ್ಕಪ್ಪನಿಗೆ ನಾವು ಹೇಳಿಕೊಡಬೇಕಾಗಿಲ್ಲ.