ಓಲೆ, ಮುದ್ರೆ, ನಿರೀಕ್ಷೆ: ಗೂಢಚಾರ ನಾಟಕಗಳ ರಸಿಕರಿಗೊಂದು ಕೈಪಿಡಿ

ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ, ಹಾನಗಲ್ಲಿನ ಕದಂಬ ದೊರೆ ಕಾಮದೇವನ ಕಾಲದ್ದೆಂದು, ಅಂದರೆ ಸುಮಾರು ಕ್ರಿ.ಶ. 1200ರದೆಂದು, ವಿದ್ವಾಂಸರು ಗಣಿಸಿರುವ ದೀರ್ಘವಾದ ಶಾಸನವೊಂದುಂಟು. ಆಳಂದೆಯಿಂದ ಬಂದ ಏಕಾಂತದ ರಾಮಯ್ಯನೆಂಬ ಶಿವಭಕ್ತನು ಈ ಊರಿನ ಜೈನ ಪ್ರಮುಖನಾದ ಶಂಕಗಾವುಂಡನೇ ಮೊದಲಾದವರೊಡನೆ ವಾದಕ್ಕೆ ನಿಂತು, ತನ್ನ ಶಿರಸ್ಸನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆಯುವೆನೆಂದು ಪಣತೊಟ್ಟ ವೃತ್ತಾಂತವನ್ನು ಅದು ಹೇಳುತ್ತದೆ. ಪವಾಡದ ಮಾತನ್ನು ಶ್ರದ್ಧೆಗೂ, ಮತಗಳ ಆ ಕಲಹದ ನ್ಯಾಯಾನ್ಯಾಯವನ್ನು ಇತಿಹಾಸಜ್ಞರಿಗೂ ಬಿಟ್ಟು, ಕೇವಲ ಕಥನದ ಕೌಶಲವನ್ನು ನೋಡುವವನಿಗೆ ಅಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಪಣದ ಕರಾರನ್ನು ಮೊದಲೇ ಓಲೆಯಲ್ಲಿ ಬರೆಸಿಕೊಂಡದ್ದು ಒಂದು. ಶಿರಸ್ಸು ಮರಳಿ ಬಂದದ್ದು ತತ್‌ಕ್ಷಣದಲ್ಲಲ್ಲ, ಏಳು ದಿನಗಳ ತರುವಾಯ ಎಂಬುದು ಇನ್ನೊಂದು. ಮುಂದೆ ಎದುರಾಳಿಗಳು ಕರಾರಿನಂತೆ ನಡೆಯದೆ, ರಾಮಯ್ಯನು ಜಿನಬಿಂಬವನ್ನು ಭಂಗಿಸಿ, ದೂರು ಬಿಜ್ಜಳ ದೊರೆಯವರೆಗೆ ಹೋದಾಗ, ವಿಚಾರಣೆಯಲ್ಲಿ ಭಕ್ತನು ಮುಂದಿಟ್ಟದ್ದು ಆ ಓಲೆಯನ್ನೇ.

ಗೂಢಚಾರ ಧಾರಾವಾಹಿಗಳನ್ನು ಹೊಸದಾಗಿ ನೋಡತೊಡಗಿರುವವರಿಗೆಂದು ಬರೆಯುವ ಈ ಕೈಪಿಡಿಗೂ ಕಲ್ಲಿನ ಮೇಲಣ ಆ ಬರಹಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರು. ಸಂಬಂಧವಿಷ್ಟೆ: ಅದ್ಭುತವಾದುದನ್ನು ನಂಬಿಸಹೊರಟ ಶಾಸನಕವಿಯು ದಾಖಲೆಯನ್ನು ತಂದನು, ನಡುವೆ ಅವಧಿಯನ್ನಿಟ್ಟನು. ಓಲೆಯಿಂದ ನೈಜತೆ, ಏಳು ದಿನಗಳಿಂದ ಕುತೂಹಲ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಬಲವಿಲ್ಲ. ಇವೆರಡೂ ಬೇರೆಬೇರೆ ಗುಣಗಳೆಂದೂ, ನೈಜತೆ ಹೆಚ್ಚಿದಷ್ಟೂ ಕಥೆ ನೀರಸವಾಗುವುದೆಂದೂ ಅನೇಕರು ಭಾವಿಸಿರುವುದುಂಟು. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು.

1968ರಲ್ಲಿ ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' ತೆರೆಗೆ ಬಂದು, ಸಿ.ಐ.ಡಿ. 999 ಆಗಿ ರಾಜಕುಮಾರರು ಕಾಣಿಸಿಕೊಂಡಾಗ ಕನ್ನಡಿಗರಿಗೆ ಬೇಹುಗಾರನೆಂಬ ನಾಯಕನೊಬ್ಬನು ದೊರಕಿದನು; 'ಗೋವಾದಲ್ಲಿ ಸಿ.ಐ.ಡಿ. 999' ಮೊದಲಾದುವು ಅದರ ಬೆನ್ನಲ್ಲೇ ಬಂದವು. ಆ ಚಿತ್ರಗಳ ಉಲ್ಲಾಸವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅಲ್ಲಿ ಪ್ರೇಕ್ಷಕನು ಅನುಭವಿಸುವುದು ವೀರಾದ್ಭುತಗಳನ್ನೇ ಹೊರತು ಭಯವನ್ನಲ್ಲ. ಏಕೆಂದರೆ ಯಾವ ಕೋಣೆಯಲ್ಲಿ ಕೂಡಿಹಾಕಿದರೂ ಹೊರಬರಬಲ್ಲ ನಾಯಕನ ವಿಷಯದಲ್ಲಿ ನಮಗೆ ಶಂಕೆಯೇ ಹುಟ್ಟುವುದಿಲ್ಲ. ಶಂಕೆ ಹುಟ್ಟಬೇಕಾದರೆ ಕಥಾಪ್ರಪಂಚಕ್ಕೊಂದು ನಿಯಮವಿರಬೇಕು, ನಾಯಕನ ಶಕ್ತಿಗೆ ಮಿತಿಯಿರಬೇಕು, ತಪ್ಪಿಗೆ ಬೆಲೆ ತೆರಬೇಕಾಗಿ ಬರಬೇಕು. ನೈಜತೆಯೆಂದರೆ ಇದೇ, ಬಂದೂಕದ ಮಾದರಿಯೂ ಸಮವಸ್ತ್ರದ ಗುಂಡಿಯೂ ಯಥಾವತ್ತಾಗಿರುವುದಲ್ಲ.

ಬೇಹುಗಾರಿಕೆಯ ನಿಯಮಗಳೆಂತಹವು ಎಂಬುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಚಾರರನ್ನು ವರ್ಗವರ್ಗಗಳಾಗಿ ವಿಂಗಡಿಸುತ್ತದೆ: ಒಂದೆಡೆ ನೆಲೆನಿಂತು ಕೆಲಸ ಮಾಡುವ ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸರು; ಸಂಚರಿಸುತ್ತ ಕೆಲಸ ಮಾಡುವ ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿಯರು; ಇಬ್ಬರು ಒಡೆಯರಿಂದಲೂ ಸಂಬಳ ಪಡೆಯುವ ಉಭಯವೇತನರು. ಇವರು ಪರಸ್ಪರ ಪರಿಚಿತರಾಗಿರಕೂಡದು; ಮೂವರ ವರದಿಗಳು ಒಂದೇ ಆದಲ್ಲಿ ಮಾತ್ರ ಸುದ್ದಿಯನ್ನು ನಂಬತಕ್ಕದ್ದು. ಒಂದು ಧಾರಾವಾಹಿಯನ್ನು ನೋಡುವಾಗ ರಸಿಕನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯು ಈ ವಿಧಿಯಿಂದಲೇ ಹೊರಡುತ್ತದೆ. ಸುದ್ದಿ ಬಂದಾಗ ಅದನ್ನು ಪರೀಕ್ಷಿಸುವವರು ಯಾರು? ಒಬ್ಬ ಚಾರನು ಉಸಿರುಗಟ್ಟಿ ಓಡಿಬಂದು ನುಡಿದೊಡನೆ ಇಡೀ ಇಲಾಖೆ ಎದ್ದು ಧಾವಿಸಿದರೆ, ಅಂತಹ ಕೃತಿಯಲ್ಲಿ ವೇಗವಿರಬಹುದು, ಸತ್ತ್ವವಿರುವುದಿಲ್ಲ. ಸುದ್ದಿಯನ್ನು ಸಂಶಯಿಸಿ, ತಂದವನನ್ನು ಸಂಶಯಿಸಿ, ಕೊನೆಗೆ ಸಂಶಯಿಸುವವನನ್ನೂ ಸಂಶಯಿಸಬೇಕಾಗಿ ಬರುವ ಕೃತಿಯಲ್ಲಿ ಗುಂಡೊಂದೂ ಹಾರದೆ ಎದೆ ನಡುಗುತ್ತದೆ.

ಇದಕ್ಕೆ ಶ್ರೇಷ್ಠ ನಿದರ್ಶನ, 1979ರಲ್ಲಿ ಬಿ.ಬಿ.ಸಿ. ಏಳು ಭಾಗಗಳಲ್ಲಿ ಪ್ರಸಾರ ಮಾಡಿದ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ'. ಮೂಲ ಕಾದಂಬರಿಯನ್ನು ಬರೆದ ಜಾನ್ ಲೆ ಕಾರೆ ಸ್ವತಃ ಬ್ರಿಟಿಷ್ ಗುಪ್ತಚರ ಸಂಸ್ಥೆಗಳಲ್ಲಿ ಕೆಲಸ ಮಾಡಿದವನು; ಆ ಸಂಸ್ಥೆಯೊಳಗೇ ಇದ್ದುಕೊಂಡು ಸೋವಿಯತ್ ಪಕ್ಷಕ್ಕೆ ದುಡಿದು 1963ರಲ್ಲಿ ಬೈರೂತಿನಿಂದ ಮಾಸ್ಕೋಗೆ ಪಲಾಯನ ಮಾಡಿದ ಕಿಮ್ ಫಿಲ್ಬಿಯ ನೆರಳು ಅದರ ಮೇಲೆ ಬಿದ್ದಿದೆ. ನಾಯಕನಾದ ಜಾರ್ಜ್ ಸ್ಮೈಲಿ, ವಯಸ್ಸಾದ, ಸ್ಥೂಲಕಾಯದ, ಕನ್ನಡಕವನ್ನು ಪದೇಪದೇ ಒರೆಸಿಕೊಳ್ಳುವ ಮನುಷ್ಯ. ಅವನು ಮಾಡುವುದೇನು? ಹಳೆಯ ಕಡತಗಳನ್ನು ಓದುತ್ತಾನೆ, ಕೆಲಸದಿಂದ ಹೊರಬಿದ್ದವರ ಮನೆಗಳಿಗೆ ಹೋಗಿ ಅವರ ಮಾತನ್ನು ಕೇಳುತ್ತಾನೆ. ಪಾತ್ರವನ್ನು ವಹಿಸಿದ ಅಲೆಕ್ ಗಿನ್ನೆಸ್, ಸಿದ್ಧತೆಗಾಗಿ ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡನನ್ನು ಕಂಡು ಅವನ ಚರ್ಯೆಗಳನ್ನು ಗಮನಿಸಿದ್ದನು. ಕೇಳುವ ಮುಖವನ್ನು ಅಷ್ಟು ಹೊತ್ತು ತೋರಿಸುವ ಧೈರ್ಯ ಸಿನಿಮಾಕ್ಕಿಂತ ಕಿರುತೆರೆಗೇ ಹೆಚ್ಚು ಒಪ್ಪುವಂತಹುದು. ಎದುರಿಗಿರುವವನು ಸುಳ್ಳಾಡುತ್ತಿದ್ದಾನೆಂದು ಸ್ಮೈಲಿಗೆ ಯಾವ ಕ್ಷಣದಲ್ಲಿ ಹೊಳೆಯಿತೆಂಬುದನ್ನು ನೀವು ಆ ಮುಖದಲ್ಲಿ ಹುಡುಕತಕ್ಕದ್ದು. ಹೊಳೆದುದನ್ನು ಅವನು ನಿಮಗೆ ಬಾಯಿಬಿಟ್ಟು ಹೇಳಲಾರ.

ಕಡತವೆಂದೊಡನೆ ನೆನಪಾಗುವ ಇನ್ನೊಂದು ಕೃತಿ 1978ರಿಂದ 1980ರವರೆಗೆ ಬಂದ 'ದಿ ಸ್ಯಾಂಡ್‌ಬ್ಯಾಗರ್ಸ್'. ಇದನ್ನು ರಚಿಸಿದ ಇಯನ್ ಮ್ಯಾಕಿಂಟಾಷ್ ನೌಕಾದಳದಲ್ಲಿ ಅಧಿಕಾರಿಯಾಗಿದ್ದವನು. ಇಲ್ಲಿ ಕಾಲದ ಬಹುಭಾಗವು ಕಚೇರಿಗಳಲ್ಲಿಯೇ ಕಳೆಯುತ್ತದೆ: ವಿದೇಶದಲ್ಲಿ ಸಿಕ್ಕಿಬಿದ್ದ ಚಾರನನ್ನು ಕರೆತರಲು ಮೇಲಧಿಕಾರಿಯ ಅನುಮತಿ ಬೇಕು, ಅವನಿಗೆ ಮಂತ್ರಿಯ ಒಪ್ಪಿಗೆ ಬೇಕು, ಮಂತ್ರಿಗೆ ತನ್ನ ಸ್ಥಾನದ ಚಿಂತೆ. ತಾಲ್ಲೂಕು ಕಚೇರಿಯಲ್ಲಿ ಒಂದು ಕಾಗದವು ಮೇಜಿನಿಂದ ಮೇಜಿಗೆ ತೆವಳುವುದನ್ನು ಬಾಗಿಲ ಬಳಿ ನಿಂತು ನೋಡಿದ ನಮ್ಮ ರೈತನಿಗೆ ಈ ಬಗೆಯ ಕುತೂಹಲವನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಕುತೂಹಲದ ವಿಚಾರ. ಮುಂದೇನಾಗುವುದೆಂದು ತಿಳಿಯದಿರುವುದೇ ಕುತೂಹಲವೆಂಬುದು ರೂಢಿಯ ಮಾತು. ಅರ್ಧ ಮಾತ್ರವೇ ನಿಜವಾದ ಮಾತು. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ 'ಸಂಗ್ಯಾ ಬಾಳ್ಯಾ' ನೋಡಲು ಕೂತವರಿಗೆ, ಗೆಳೆಯನಾದ ಬಾಳ್ಯಾನ ದ್ರೋಹದಿಂದ ಸಂಗ್ಯಾ ಈರ್ಯಾನ ಕೈಗೆ ಸಿಕ್ಕು ಸಾಯುವನೆಂಬುದು ಗೊತ್ತಿಲ್ಲದೆ ಇಲ್ಲ. ಗೊತ್ತಿರುವುದರಿಂದಲೇ ಗೆಳೆಯನ ಒಂದೊಂದು ಸ್ನೇಹದ ಮಾತೂ ಬೆನ್ನಿಗೆ ಛಳಿ ಹುಟ್ಟಿಸುತ್ತದೆ. ಆದಕಾರಣ ರಸಿಕನ ಎರಡನೆಯ ಪ್ರಶ್ನೆ ಇದು: ಈ ಘಳಿಗೆಯಲ್ಲಿ ಯಾರಿಗೆ ಏನು ಗೊತ್ತು, ನನಗೆಷ್ಟು ಗೊತ್ತು?

ವಿಶಾಖದತ್ತನ 'ಮುದ್ರಾರಾಕ್ಷಸ'ವನ್ನು ಈ ಪ್ರಶ್ನೆಯೊಡನೆ ಓದಿನೋಡಿ. ಸಂಸ್ಕೃತ ಬಾರದವರಿಗೆ, ಅದೇ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ಕನ್ನಡ ಗದ್ಯಕ್ಕೆ ತಂದ 'ಮುದ್ರಾಮಂಜೂಷ'ವಿದೆ. ನಾಟಕದ ಮೊದಲ ಅಂಕದಲ್ಲಿಯೇ, ಯಮನ ಪಟವನ್ನು ತೋರಿಸುತ್ತ ಮನೆಮನೆ ತಿರುಗುವ ಚಾರನೊಬ್ಬನು ಎದುರಾಳಿಯಾದ ರಾಕ್ಷಸಾಮಾತ್ಯನ ಮುದ್ರೆಯುಂಗುರವನ್ನು ಚಾಣಕ್ಯನಿಗೆ ತಂದೊಪ್ಪಿಸುತ್ತಾನೆ. ರಾಕ್ಷಸನ ಮಿತ್ರನಾದ ಶಕಟದಾಸನ ಕೈಯಿಂದ, ಅವನಿಗೂ ತಿಳಿಯದಂತೆ, ಓಲೆಯೊಂದು ಬರೆಯಲ್ಪಟ್ಟು ಆ ಉಂಗುರದಿಂದ ಮುದ್ರಿತವಾಗುತ್ತದೆ. ಅಲ್ಲಿಂದ ಐದನೆಯ ಅಂಕದವರೆಗೆ ಓಲೆಯು ಚಾಣಕ್ಯನ ಚಾರನಾದ ಸಿದ್ಧಾರ್ಥಕನ ಬಳಿ ಸುಮ್ಮನಿರುತ್ತದೆ; ರಾಕ್ಷಸನು ಅವನನ್ನು ಹಿತೈಷಿಯೆಂದೇ ನಂಬಿ ಬಳಿಯಲ್ಲಿರಿಸಿಕೊಂಡಿರುತ್ತಾನೆ; ನಾವು ಮಾತ್ರ ಬಲ್ಲೆವು. ಕೊನೆಗೆ ಶಿಬಿರದಿಂದ ಪರವಾನೆಯ ಮುದ್ರೆಯಿಲ್ಲದೆ ಹೊರಟ ಸಿದ್ಧಾರ್ಥಕನು ಸೆರೆಸಿಕ್ಕಿ, ರಾಕ್ಷಸನ ಪಕ್ಷದ ರಾಜಕುಮಾರ ಮಲಯಕೇತುವಿನ ಮುಂದೆ ಓಲೆ ಬಿಚ್ಚಲ್ಪಟ್ಟಾಗ, ಅದನ್ನು ವಿಚಾರಿಸುವ ಭಾಗುರಾಯಣನೂ ಚಾಣಕ್ಯನ ಕಡೆಯವನೇ! ಹಸ್ತಾಕ್ಷರ ನಿಜ, ಮುದ್ರೆ ನಿಜ, ಅರ್ಥ ಮಾತ್ರ ಸುಳ್ಳು. ಪಾಶ್ಚಾತ್ಯ ಧಾರಾವಾಹಿಗಳಲ್ಲಿ ಇಷ್ಟು ಬಿಗಿಯಾದ ಬಲೆಯನ್ನು ನಾನು ವಿರಳವಾಗಿ ಕಂಡಿದ್ದೇನೆ. ಚಂದ್ರಪ್ರಕಾಶ ದ್ವಿವೇದಿಯವರು ತಾವೇ ಮುಖ್ಯ ಪಾತ್ರವನ್ನು ವಹಿಸಿ 1991-92ರಲ್ಲಿ ದೂರದರ್ಶನಕ್ಕೆ ನಿರ್ಮಿಸಿಕೊಟ್ಟ 47 ಕಂತುಗಳ 'ಚಾಣಕ್ಯ'ದಲ್ಲಿ ಮಂತ್ರಾಲೋಚನೆಯ ಗಾಂಭೀರ್ಯವುಂಟು. ಭಾಷಣಗಳು ಮಾತ್ರ ಕೊಂಚ ಹೆಚ್ಚು.

ವಾರಕ್ಕೊಂದು ಕಂತು ಬರುತ್ತಿದ್ದ ಆ ದಿನಗಳಲ್ಲಿ ನಡುವಣ ಆರು ದಿನಗಳೂ ನಾಟಕದ ಅಂಗವೇ ಆಗಿದ್ದವು. ಈಗ ಇಡೀ ಕೃತಿಯನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸುವ ಸೌಕರ್ಯ ದೊರೆತಿದೆ. ನನ್ನ ಸಲಹೆಯನ್ನು ಕೇಳುವುದಾದರೆ ದಿನಕ್ಕೊಂದೇ ಕಂತನ್ನು ನೋಡಿ. ಶಂಕೆಗೆ ಮನಸ್ಸಿನಲ್ಲಿ ಬೇರೂರಲು ಸಮಯ ಬೇಕು.

ನಿಧಾನವನ್ನು ಸಹಿಸಬಲ್ಲವರಿಗೆ, ತತ್ಯಾನಾ ಲಿಯೋಜ್ನೋವಾ ನಿರ್ದೇಶಿಸಿ 1973ರಲ್ಲಿ ಸೋವಿಯತ್ ದೂರದರ್ಶನದಲ್ಲಿ ಹನ್ನೆರಡು ಕಂತುಗಳಾಗಿ ಬಂದ 'ವಸಂತದ ಹದಿನೇಳು ಕ್ಷಣಗಳು' ಎಂಬ ಕೃತಿ ಕಾದಿದೆ. ಜರ್ಮನ್ ಅಧಿಕಾರಿಯ ವೇಷದಲ್ಲಿ ಬರ್ಲಿನ್ನಿನಲ್ಲಿರುವ ಸೋವಿಯತ್ ಚಾರ ಸ್ಟೀರ್ಲಿಟ್ಸ್‌ನ ಹೆಂಡತಿಯನ್ನು, ಅವನು ದೂರದಿಂದ ನೋಡುವುದಕ್ಕೆಂದು, ಉಪಾಹಾರ ಗೃಹವೊಂದಕ್ಕೆ ಕರೆತಂದು ಕೂರಿಸುತ್ತಾರೆ. ಬೇರೆಬೇರೆ ಮೇಜುಗಳಲ್ಲಿ ಕೂತ ಅವರಿಬ್ಬರೂ ಹಲವು ನಿಮಿಷಗಳವರೆಗೆ ಒಂದು ಮಾತೂ ಇಲ್ಲದೆ ನೋಡುತ್ತಾರೆ, ಅಷ್ಟೆ. ಇಲ್ಲಿ ರಹಸ್ಯವೇನೂ ಬಯಲಾಗುವುದಿಲ್ಲ, ಯಾರೂ ಸಿಕ್ಕಿಬೀಳುವುದಿಲ್ಲ. ಆದರೂ ಆ ವೃತ್ತಿಯು ಮನುಷ್ಯನಿಂದ ಕಿತ್ತುಕೊಳ್ಳುವುದೇನೆಂಬುದು ಇಷ್ಟು ಸ್ಫುಟವಾಗಿ ಬೇರೆಲ್ಲಿಯೂ ನನಗೆ ಕಂಡಿಲ್ಲ. ಮೊದಲು ಸಿ.ಐ.ಎ.ಯಲ್ಲಿದ್ದ ಜೋ ವೈಸ್‌ಬರ್ಗ್ ರಚಿಸಿ 2013ರಿಂದ 2018ರವರೆಗೆ ನಡೆದ 'ದಿ ಅಮೆರಿಕನ್ಸ್' ಈ ಬೆಲೆಯನ್ನೇ ಸಂಸಾರದೊಳಕ್ಕೆ ತಂದಿತು: ತಂದೆತಾಯಿಗಳು ಯಾರೆಂಬುದೇ ಮಕ್ಕಳಿಗೆ ತಿಳಿಯದು. ನಮ್ಮಲ್ಲಿ 2019ರಲ್ಲಿ ಬಂದ 'ದಿ ಫ್ಯಾಮಿಲಿ ಮ್ಯಾನ್' ಅದೇ ವಿಷಯವನ್ನು ಹಾಸ್ಯದ ಬೆಳಕಿನಲ್ಲಿ ಹಿಡಿದು, ದೇಶ ಕಾಯುವವನಿಗೆ ಹೆಂಡತಿಯ ಅಸಮಾಧಾನವನ್ನು ತಣಿಸುವುದು ಕಷ್ಟವೆಂಬ ಸತ್ಯವನ್ನು ತೋರಿಸಿತು. ಅದರ ಹೊಡೆದಾಟಗಳಿಗಿಂತ ಅದರ ಮನೆಯ ದೃಶ್ಯಗಳೇ ನನಗೆ ಮೆಚ್ಚಿಗೆಯಾದವು.

ಹೊಸಬರು ಈ 'ಫ್ಯಾಮಿಲಿ ಮ್ಯಾನ್'ನಿಂದಲೇ ಆರಂಭಿಸಲಿ. ಭಾಷೆಯ ಶ್ರಮ ಕಡಿಮೆ. ಅನಂತರ 'ದಿ ಅಮೆರಿಕನ್ಸ್', ಆಮೇಲೆ ಸ್ಮೈಲಿ. ಸ್ಮೈಲಿಯ ಮೊದಲ ಎರಡು ಕಂತುಗಳಲ್ಲಿ ಯಾರು ಯಾರೆಂದು ತಿಳಿಯದೆ ತಬ್ಬಿಬ್ಬಾಗುವುದು ಸಹಜವಾದುದರಿಂದ, ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿಯೊಂದು ಹೆಸರಿನ ಮುಂದೆ ಅವನಿಗೇನು ಗೊತ್ತೆಂಬುದನ್ನು ಕಂತುಕಂತಿಗೂ ತುಂಬುತ್ತ ಹೋಗಿ.